ಇಸ್ತ್ರಿ ಚಿಕ್ಕಮ್ಮನ ಬೆರಳು

ನಮ್ಮ ಬೀದಿಯವರು ಬಟ್ಟೆಯನ್ನು ಇಸ್ತ್ರಿಗೆ ಕೊಡುವ ಮುಂಚೆ ಜೇಬುಗಳನ್ನು ಹೊರಗೆಳೆದು ಕೊಡವುತ್ತಾರೆ. ಹಳೇ ಬಸ್ ಟಿಕೆಟನ್ನೂ ಬಿಡುವುದಿಲ್ಲ. ಇಸ್ತ್ರಿ ಮಾಡುವವಳು ನನ್ನ ಚಿಕ್ಕಮ್ಮ, ಅದಕ್ಕೆ. ಯುದ್ಧ ಸೋತ ಮೇಲೆ ಗೆದ್ದವರ ಸೈನ್ಯ ಊರಲ್ಲಿ ಠಿಕಾಣಿ ಹೂಡಿದಾಗ ಸೈನಿಕರ ಅಂಗಿಗಳಿಗೂ ಇವಳೇ ಇಸ್ತ್ರಿ ಹಾಕುತ್ತಿದ್ದಳು. ಆಗಲೇ ನೀಲಿ ಬಾಗಿಲ ಮನೆಯ ಅಟ್ಟದಲ್ಲಿ ಸೈನ್ಯದ ಕಣ್ಣು ತಪ್ಪಿಸಿ ಅಡಗಿದ್ದ ಶಾಲೆಯ ಮೇಷ್ಟ್ರು ಸಿಕ್ಕಿಬಿದ್ದರು, ತಿರುಗಿ ಬರಲಿಲ್ಲ. ಸುಳಿವು ಕೊಟ್ಟವಳು ಚಿಕ್ಕಮ್ಮನೇ ಎಂದು ಬೀದಿ ತೀರ್ಮಾನಿಸಿತು. ಸಾಕ್ಷಿ ಯಾರಿಗೆ ಬೇಕು? ಬಾಯಿದ್ದರೆ ಸಾಕಿತ್ತು. ನನ್ನಮ್ಮ ಕೂಡ ಸ್ವಂತ ತಂಗಿಗೆ ಕೊಡುವ ಬಟ್ಟೆಯ ಜೇಬು ತಡಕಿಯೇ ಗಂಟು ಕಟ್ಟುತ್ತಿದ್ದಳು.

ಸೈನ್ಯ ಹೋಗಿ ಎಷ್ಟೋ ವರ್ಷದ ಮೇಲೆ, ಆ ಕಾಲದ ಕಥೆಯನ್ನು ಸಿನಿಮಾ ಮಾಡಲು ಜನ ಬಂದರು. ವೇಷದ ಸಮವಸ್ತ್ರಗಳೆಲ್ಲ ಚಿಕ್ಕಮ್ಮನ ಅಂಗಡಿಗೇ ಬಂದವು. ಅವಳ ಮುಖ ನಿರ್ದೇಶಕನ ಕಣ್ಣಿಗೆ ಬಿತ್ತು.

“ಒಂದೇ ದೃಶ್ಯ ಅಮ್ಮಾ. ಸೈನಿಕರು ಕೇಳ್ತಾರೆ, ನೀವು ಆ ನೀಲಿ ಬಾಗಿಲ ಕಡೆ ಬೆರಳು ತೋರ್ಸಿದ್ರೆ ಆಯ್ತು.”

ಬೀದಿಯ ಕಿವಿ ನೆಟ್ಟಗಾಯಿತು. ಒಪ್ಪಿದರೆ ನಾಚಿಕೆಗೆಟ್ಟವಳು, ಒಲ್ಲೆ ಎಂದರೆ ತಪ್ಪಿತಸ್ಥೆ.

“ಬೇಡ ಕಣೇ, ಇದ್ದ ಮಾನಾನೂ ಹೋಗುತ್ತೆ,” ಎಂದಳು ಅಮ್ಮ.

“ಇದ್ರೆ ತಾನೇ ಅಕ್ಕಾ ಹೋಗೋಕೆ,” ಎಂದು ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು.

ಚಿತ್ರೀಕರಣದ ದಿನ ಹಗ್ಗದಾಚೆ ಬೀದಿಗೆ ಬೀದಿಯೇ ನೆರೆದಿತ್ತು. ಅಮ್ಮ ನನ್ನ ಕೈ ಹಿಡಿದು ನಿಂತಿದ್ದಳು. ಸೈನಿಕನ ವೇಷದವನು ಗದರಿದ: “ಎಲ್ಲಿದ್ದಾನೆ, ತೋರಿಸು!” ಚಿಕ್ಕಮ್ಮ ಕೈಯೆತ್ತಿದಳು. ಬೆರಳು ನೀಲಿ ಬಾಗಿಲನ್ನು ದಾಟಿ ಬಂದು ಅಮ್ಮನ ಕಡೆಗೇ ನಿಂತಿತು.

“ಕಟ್! ಬಾಗಿಲು ಅಮ್ಮಾ, ಬಾಗಿಲು!”

ಜನ ಘೊಳ್ಳೆಂದು ನಕ್ಕರು. ಅಮ್ಮ ನಗಲಿಲ್ಲ.

“ಮೇಷ್ಟ್ರು ಎಲ್ಲಿದ್ದಾರೆ ಅಂತ ಹೇಳಿದ್ರೆ ನಿಮ್ಮಪ್ಪನ್ನ ಬಿಟ್ಟುಬಿಡ್ತೀವಿ ಅಂದ್ರು ಕಣೇ,” ಎಂದಳು, ನನಗೆ ಮಾತ್ರ ಕೇಳುವಂತೆ. “ನೀನಿನ್ನೂ ಕೈಗೂಸು. ನಾನೇ ಹೇಳ್ಬಿಟ್ಟೆ. ಅವಳಿಗೆ ಆವತ್ತಿಂದ್ಲೂ ಗೊತ್ತು.”

ಸೈನ್ಯದ ಸೆರೆಯಿಂದ ಅಪ್ಪ ಮನೆಗೆ ಬಂದದ್ದು ಅದೃಷ್ಟ ಎಂದೇ ನಂಬಿ ಬೆಳೆದವಳು ನಾನು. ಅಮ್ಮನ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

ಎರಡನೇ ಸಲ ಚಿಕ್ಕಮ್ಮ ಸರಿಯಾಗಿ ನೀಲಿ ಬಾಗಿಲನ್ನೇ ತೋರಿಸಿದಳು.

“ನೋಡಿದ್ರಾ? ಪಳಗಿದ ಕೈ!” ಎಂದ ಹಿಂದೆ ನಿಂತಿದ್ದ ಹಾಲಿನವನು.

ಅಮ್ಮ ಬಾಯಿ ತೆರೆದಳು. ನಾನು ಕಾದೆ.

“ನಡಿ, ಬಿಸಿಲು ಜಾಸ್ತಿಯಾಯ್ತು,” ಎಂದಳು.

ಮರುವಾರ ಅಮ್ಮ ಇಸ್ತ್ರಿಯ ಬಟ್ಟೆಗಳನ್ನು ಗುಡ್ಡೆ ಹಾಕಿಕೊಂಡು ಕೂತಳು. ಅಪ್ಪನ ಅಂಗಿ ಎತ್ತಿ, ಎಂದಿನಂತೆ, ಜೇಬನ್ನು ಹೊರಗೆಳೆದು ಕೊಡವಿದಳು. ಆ ಅಂಗಿಯನ್ನು ನಾನು ಅವಳ ಕೈಯಿಂದ ಕಿತ್ತುಕೊಂಡೆ.