ಅಗಸಿ ಗೂಡಿನ್ಯಾಗಿನ ಕಲ್ಲು

ನಂಬೂದಾದ್ರ ನಂಬ್ರಿ, ಇಲ್ಲಾಂದ್ರ ಮುದುಕ ಏನೋ ಬಡಬಡಸ್ತಾನ ಅಂತ ನಕ್ಕು ಬಿಡ್ರಿ. ನನಗ ಎರಡೂ ಒಂದೇ. ನಡದದ್ದು ನಡದಂಗ ಹೇಳತೀನಿ.

ನಿಜಾಮರ ರಾಜ್ಯದ ಕಡೀ ದಿನಗಳು. ನಾನೂ ನಮ್ಮಣ್ಣ ಮಲ್ಲಣ್ಣನೂ ದೋರನಹಳ್ಳಿ ಗೌಂಡಿಗಳು, ಗ್ವಾಡಿ ಕಟ್ಟವ್ರು. ಸುರಪುರದ ಹಳೇ ದೊರಿಗಳು ಶಿಕಾರಿ ಆಡತಿದ್ದ ಅಡವಿಗೆ ಒಂದು ಅಗಸಿ ಬಾಗಲ ಇತ್ತು, ಬಾಜೂಕ ಕಾವಲಿನ ಖೋಲಿ. ಅರ್ಧ ಬಿದ್ದಿತ್ತು. ಹೈದರಾಬಾದಿನಿಂದ ಯಾರೋ ದೊಡ್ಡ ಸಾಹೇಬರು ಶಿಕಾರಿಗೆ ಬರ್ತಾರಂತ ದುರಸ್ತಿಗೆ ನಮ್ಮನ್ನ ಕರಸಿದ್ರು.

ಅಲ್ಲೊಬ್ಬ ಕಾವಲಗಾರ ಮುದುಕ ಇದ್ದ. ಮೊದಲನೇ ದಿನನ ಗ್ವಾಡಿಯೊಳಗಿನ ಗೂಡು ತೋರಿಸಿ ಹೇಳಿದ, "ಅಡವಿ ಒಳಗ ಹೋಗವ್ರು ಇದರಾಗ ಒಂದು ಕಲ್ಲು ಇಟ್ಟು ಹೋಗ್ಬೇಕು. ಹೊರಗ ಬಂದಮ್ಯಾಲೆ ತಮ್ಮ ಕಲ್ಲು ತಗದು ಒಗೀಬೇಕು. ದೊರಿಗಳ ಕಾಲದಿಂದ ಹಿಂಗ ನಡದೈತಿ. ಕಲ್ಲು ಉಳೀತಂದ್ರ ಮನಷ್ಯಾ ಒಳಗ ಉಳದಾನ ಅಂತ ತಿಳೀಬೇಕು."

ಗೂಡಿನ್ಯಾಗ ಆಗಲೇ ಒಂದು ಕರೀ ಕಲ್ಲಿತ್ತು.

"ಇದು ಯಾರದ್ರೀ?" ಅಂದ ಅಣ್ಣ.

"ನಮ್ಮಪ್ಪ ಕಾವಲಿದ್ದಾಗೂ ಇತ್ತು. ಮುಟ್ಟಬ್ಯಾಡ್ರಿ."

ಅಣ್ಣ ನಕ್ಕ. ಆದ್ರೂ ದಿನಾ ಒಂದು ಇಟ್ಟಂಗಿ ತುಣುಕು ಇಟ್ಟು ಒಳಗ ಹೋಗತಿದ್ದ.

ಸಾಹೇಬರು ನಾಳೆ ಬರ್ತಾರ ಅನ್ನೂ ದಿನ ಕೆಲಸ ಮಾಡಸೂ ಮುಕಾದಮ ನನ್ನ ತಲಿ ಮ್ಯಾಲೆ ಕುಂತಿದ್ದ. ಗೂಡುಗೀಡು ಎಲ್ಲಾ ಮುಚ್ಚಿ ಗ್ವಾಡಿ ಸಾಫ ಮಾಡು ಅಂದ. ಅಣ್ಣ ಮಧ್ಯಾಹ್ನ ಬಂಡಿಯವನ ಜೋಡಿ ಸುಣ್ಣದ ಗಚ್ಚಿಗೆ ನೀರು ತರಾಕ ಒಳಗಿನ ಹೊಂಡಕ್ಕ ಹೋಗಿದ್ದ. ಸಂಜೀಕ ನೀರಿನ ಬಂಡಿ ಬಂತು. ಅಣ್ಣನೂ ಬಂದಾನ, ಎಲ್ಲ್ಯೋ ಬೀಡಿ ಸೇದಾಕ ಕುಂತಾನ ಅಂದ್ಕೊಂಡೆ. ಗೂಡಿನ್ಯಾಗ ಕರೀ ಕಲ್ಲಿನ ಬಾಜೂ ಅವನ ಇಟ್ಟಂಗಿ ತುಣುಕು ಹಂಗ ಇತ್ತು. ತಗಿಯೂದು ಮರತಾನ ಅಂತ ತಿಳಕೊಂಡೆ. ಗೌಂಡಿಗೆ ಕಲ್ಲಂದ್ರ ಕಲ್ಲು. ಎರಡನ್ನೂ ಒಳಗ ಬಿಟ್ಟು ಗಚ್ಚು ತುಂಬಿ, ಥಾಪಿಲೆ ಎಳದು ಮುಚ್ಚಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ್ಲಿ.

ಹೊತ್ತು ಮುಣಗಿತು. ಎಲ್ಲಾರೂ ಊರಿಗೆ ಹೋದ್ರು. ಅಣ್ಣ ಊಟಕ್ಕೂ ಬರಲಿಲ್ಲ. ನಾನೂ ಮುದುಕನೂ ಇಬ್ಬರ ಉಳದ್ವಿ. ಹಸಿ ಗಚ್ಚಿನ ವಾಸನಿ ಮೂಗಿಗೆ ಹತ್ತಿತ್ತು. ಆಗ ಕೇಳಿಸ್ತು... ಪಟ್... ಪಟ್... ಯಾರೋ ಅಂಗೈಲೆ ಗ್ವಾಡಿ ಬಡದಂಗ.

"ತಮ್ಮಾ... ಬಾಗಲ ಎಲ್ಲೈತೋ?"

ಅಣ್ಣನ ದನಿ.

ಕಂದೀಲು ಎತ್ತಿದೆ. ಅಗಸಿಗೆ ಇನ್ನೂ ಕದ ಹಚ್ಚಿರಲಿಲ್ಲ, ಬರೇ ಬಯಲು ಕಮಾನು. ಅದರಾಚಿ ಅಣ್ಣ ನಿಂತಿದ್ದ. ಕಣ್ಣು ತೆರದಾವ, ಆದ್ರ ನನ್ನ ನೋಡವಲ್ಲ. ಎರಡೂ ಕೈಲೆ ಖಾಲಿ ಗಾಳಿ ಸವರಾಕತ್ತಾನ... ಅಂಗೈ ಬಿದ್ದಲ್ಲೆಲ್ಲಾ ಪಟ್, ಪಟ್.

ಹಿಡದು ಎಳೀಬೇಕಂತ ಮುಂದ ಹೋದ್ರ, ಮುದುಕ ಹಿಂದಿಂದ ಅಂಗಿ ಹಿಡದ.

"ಗೂಡು ಏನ ಮಾಡಿದಿ?"

"ಮುಚ್ಚೀನ್ರಿ..."

"ಒಡಿ. ಲಗೂನ ಒಡದು ಅವನ ಕಲ್ಲು ಹೊರಗ ಒಗಿ."

ಉಳಿ ಹುಡುಕೂ ಗಡಿಬಿಡಿಯೊಳಗ ಕಂದೀಲಿಗೆ ಕಾಲು ತಾಗಿ ಆರಿಹೋತು. ಕತ್ತಲಾಗನ ಒಡದೆ. ಕೈ ಹಾಕಿದೆ, ಸುಣ್ಣ ಚುರುಚುರು ಸುಡಾಕತ್ತಿತು. ಕೈಗೆ ಸಿಕ್ಕದ್ದನ್ನ ಎಳದು ಹೊರಗ ಒಗದೆ.

ಸಪ್ಪಳ ನಿಂತಿತು. ಯಾರೋ ನನ್ನ ಬಾಜೂಕ ಹಾದು ಹೊರಗ ಬಂದ್ರು... ಹಾಳು ಬಾವಿ ವಾಸನಿ, ಥಂಡಿ.

"ನಡಿ ತಮ್ಮಾ, ಮನಿಗೆ ಹೋಗೂಣು," ಅಂದ ಅಣ್ಣ. ನಾನು ತೆಕ್ಕಿ ಬಡದು ಅತ್ತುಬಿಟ್ಟೆ.

ಮುದುಕ ಮಾತ್ರ ಮೆಲ್ಲಕ ಕೇಳಿದ, "ಯಾವ ಕಲ್ಲು ಒಗದಿ?"

"ಕತ್ತಲಾಗ ಏನ ಕಾಣತೈತ್ರೀ..."

ಬೆಳಕು ಹರಿದಮ್ಯಾಲೆ ನೋಡಿದೆ. ಗೂಡಿನ್ಯಾಗ ಇಟ್ಟಂಗಿ ತುಣುಕು ಉಳದಿತ್ತು. ಕರೀ ಕಲ್ಲು ಇರಲಿಲ್ಲ.

ಇಟ್ಟಂಗಿ ತುಣುಕನ್ನೂ ಕಿತ್ತು ಒಗದೆ. ಅಗಸಿ ಮುಂದ ನಿಂತು ಅಡವಿ ಕಡೆ ಮಾರಿ ಮಾಡಿ ಅಣ್ಣನ ಹೆಸರು ಹಿಡದು ಕೂಗಿದೆ. ಯಾರೂ ಬರಲಿಲ್ಲ. ಹಿಂದ ನಿಂತಿದ್ದ ಅಣ್ಣ, "ಯಾರನ್ನ ಕರಿಯಾಕತ್ತಿ?" ಅಂದ.

ಅವನ ಜೋಡಿನ ನಾನೂ ಅತ್ತಿಗಿನೂ ಇಪ್ಪತ್ತು ವರ್ಷ ಒಂದ ಮನಿಯಾಗ ಇದ್ವಿ. ಉಂಡ, ದುಡದ, ಯಾರಿಗೂ ಕೆಟ್ಟದ್ದು ಮಾಡಲಿಲ್ಲ. ಮಾತು ಕಮ್ಮಿ. ನಾನೂ ಬಾಯಿ ಬಿಡಲಿಲ್ಲ; ಬಿಟ್ಟು ಏನಂತ ಹೇಳ್ಲಿ?

ಅತ್ತಿಗಿ ಸಾಯೂ ದಿನ ನನ್ನ ಕೈ ಹಿಡದಳು. "ಇಷ್ಟು ವರ್ಷ ಕೇಳಲಿಲ್ಲ. ಇವತ್ತರ ಖರೇ ಹೇಳು ಯಪ್ಪಾ... ನಿಮ್ಮಣ್ಣನ್ನ ಎಲ್ಲಿ ಬಿಟ್ಟು ಬಂದಿ?"

ಅಣ್ಣ ಆಕಿ ಕಾಲು ಒತ್ತಕೋತ ಅಲ್ಲೇ ಕುಂತಿದ್ದ. ತಲಿ ಎತ್ತಲಿಲ್ಲ.