ಮಾಳಿಗೆಯ ಮೇಲಿಂದ ಕಂಡ ಮೋಡ

ನಾಗಪುರದ ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆಯೇ ಮಲಗುತ್ತಾರೆ. ಧಾರವಾಡದಿಂದ ಬಂದಿದ್ದ ನನಗಾಗಿ ಅಕ್ಕ ಸಂಜೆ ಅಲ್ಲಿ ನೀರು ಚಿಮುಕಿಸುತ್ತಿದ್ದಾಗ ಮೂಡಣದಲ್ಲಿ ಆ ಮೋಡ ಎದ್ದಿತು. ಕೆಳಗೆ ದಪ್ಪ ಕಾಂಡ, ಮೇಲೆ ಅಗಲವಾದ ಕೊಡೆ. ಮುಳುಗುವ ಸೂರ್ಯನ ಬೆಳಕಿಗೆ ಇಡೀ ಮೋಡ ಕೆಂಡವಾಗಿತ್ತು. ಗುಡುಗಿಲ್ಲ, ಗಾಳಿಯೂ ಇಲ್ಲ. ಡಬ್ಬಿ ಕ್ಯಾಮೆರಾದಲ್ಲಿ ಫೋಟೊ ತೆಗೆದೆ. ಅಣುಬಾಂಬಿನ ಪರೀಕ್ಷೆಯದೆಂದು ಪತ್ರಿಕೆಯಲ್ಲಿ ಬಂದಿದ್ದ ಚಿತ್ರದಲ್ಲಿ ಇದೇ ಆಕಾರವಿತ್ತು.

ಅಕ್ಕನಿಗೂ ಅದೇ ನೆನಪಾಗಿರಬೇಕು.

"ಅದರ ಬೂದಿ ಮಳ್ಯಾಗ ಕೂಡಿ ಬೀಳತೈತಂತ ಪೇಪರದಾಗ ಬರದಿದ್ರಲ್ಲೋ," ಎನ್ನುತ್ತ ಅವಳು ಕುಡಿಯುವ ನೀರಿನ ಮಡಕೆಯನ್ನು ಮುಚ್ಚಿದಳು.

"ಎಲ್ಲೀ ಬಾಂಬು ತಗೀ ಅಕ್ಕಾ, ಇದು ಮಳೀ ಮೋಡ," ಎಂದು ನಕ್ಕೆ. ಆ ನಗು ನನಗೇ ಸುಳ್ಳೆನಿಸಿತು.

ಪಕ್ಕದ ಮಾಳಿಗೆಯ ಮರಾಠಿ ಅಜ್ಜಿ "ಪಾವೂಸ್ ಆಲಾ, ಪಾವೂಸ್!" ಎಂದು ಮಳೆ ಬಂದ ಖುಷಿಯಿಂದ ಕೂಗುತ್ತ ಹಾಸಿಗೆ ಸುತ್ತತೊಡಗಿದರು. ದಪ್ಪ ಹನಿಗಳು ಬಿದ್ದವು. ಅಕ್ಕನ ಪುಟ್ಟ ಮಗಳು ಸುಮಾ ಮುಖವೆತ್ತಿ ನಾಲಿಗೆ ಚಾಚಿದಳು.

"ಮಾಮಾ, ನೀನೂ ಕುಡಿ!"

ನಾನು ಓಡಿಹೋಗಿ ಅವಳ ಬಾಯಿ ಮುಚ್ಚಿದೆ. ಆಟವೆಂದುಕೊಂಡು ಅವಳು ನನ್ನ ಅಂಗೈಯೊಳಗೇ ನಗುತ್ತಿದ್ದಳು.