ಎಡ ಸಾಲಿನ ಕೊನೆಯ ದನಿ

ಕಳೆದ ವರ್ಷ ಶ್ರಾವಣ ಮುಗಿದ ಮೇಲೆ ನಡೆದದ್ದಿದು. ವಾಡಿ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೌಂಡ್ ಸರ್ವಿಸ್ ಅಂಗಡಿಯಿದೆ. ಹೆಡ್‌ಫೋನ್, ಸ್ಪೀಕರ್ ಮಾರುವುದು, ರಿಪೇರಿ ಮಾಡುವುದು ನನ್ನ ಕೆಲಸ. ಊರೂರಿಗೆ ಹೋಗಿ ಭಜನೆ, ಮದುವೆ ರೆಕಾರ್ಡ್ ಮಾಡುತ್ತಿದ್ದವನು ನನ್ನ ತಮ್ಮ ಮಲ್ಲು. ಅವನು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಅವನ ಕುರ್ಚಿ ಅಲ್ಲೇ ಇತ್ತು. ಅದರಲ್ಲಿ ಕೂರಲಾಗುತ್ತಿರಲಿಲ್ಲ, ಅದರ ಎದುರಿಗೂ ಕೂರಲಾಗುತ್ತಿರಲಿಲ್ಲ. ನಿಂತೇ ಬೆಸುಗೆ ಹಾಕುತ್ತಿದ್ದೆ.

ಶಹಾಬಾದಿನ ಶರಣಪ್ಪ ಕಾಕಾ ಬಂದದ್ದು ಆ ದಿನಗಳಲ್ಲಿ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಲ್ಲು ಅರೆಯುವ ಮಿಲ್ಲಿನ ಪಕ್ಕ ದುಡಿದು ನಿವೃತ್ತರಾದವರು. ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದ ಅವರ ಹೆಂಡತಿ ನಾಗಮ್ಮ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಆಕೆಯ ದನಿ ಉಳಿದದ್ದು ಮಲ್ಲು ಮಾಡಿದ ಒಂದೇ ರೆಕಾರ್ಡಿಂಗಿನಲ್ಲಿ. ಫೋನಿನ ಸ್ಪೀಕರಿನಲ್ಲಿ ಅದು ಒಡೆದು ಕೇಳುತ್ತದೆ, ಒಳ್ಳೆಯ ಹೆಡ್‌ಫೋನ್ ಬೇಕು ಎಂದರು.

ಹಾಡು ಎಷ್ಟು ಅಗಲದ ಜಾಗದಲ್ಲಿ ನಡೆಯುತ್ತಿದೆ ಅನ್ನಿಸುತ್ತದೋ ಅದನ್ನು ಸೌಂಡ್‌ಸ್ಟೇಜ್ ಎನ್ನುತ್ತಾರೆ. ಆ ಜಾಗದಲ್ಲಿ ಯಾರು ಎಲ್ಲಿ ಕುಳಿತಿದ್ದಾರೆಂದು ಬೆರಳಿಟ್ಟು ತೋರಿಸುವಂತಿದ್ದರೆ ಅದು ಇಮೇಜಿಂಗ್. ಡಿಜೆ ಹಾಡಿನ ಹುಡುಗರಿಗೆ ಎರಡೂ ಬೇಡ, ಬೇಸ್ ಸಾಕು. ಗೇಮ್ ಆಡುವವರಿಗೆ ಹೆಜ್ಜೆ ಸಪ್ಪಳ ಯಾವ ಕಡೆಯದೆಂದು ತಿಳಿಯಬೇಕು, ಅವರಿಗೆ ಇಮೇಜಿಂಗ್ ಮುಖ್ಯ. ಭಜನೆಗೆ ಅಗಲ ಇರಲೆಂದು ನಾನು ಹಿಂಬದಿ ತೆರೆದಿರುವ ಓಪನ್-ಬ್ಯಾಕ್ ಹೆಡ್‌ಫೋನ್ ಕೊಟ್ಟೆ.

ವಾರದೊಳಗೆ ವಾಪಸ್ ತಂದರು.

"ತಮ್ಮಾ, ಇದರಾಗ ಎಲ್ಲಾರೂ ಹಾಡಾಕತ್ತಾರ, ನಮ್ಮಾಕಿ ಒಬ್ಬಾಕಿನೇ ಇಲ್ಲ. ಫೋನಿನ್ಯಾಗ ಅದಾಳ, ಇಲ್ಲಿ ಎಲ್ಲಿ ಹೋದ್ಳು?"

ಓಪನ್-ಬ್ಯಾಕ್‌ನಲ್ಲಿ ಹೊರಗಿನ ಸದ್ದೂ ಒಳಗೆ ಬರುತ್ತದೆ. ಮನೆಯ ಗದ್ದಲದಲ್ಲಿ ದನಿ ಮುಚ್ಚಿಹೋಗಿರಬೇಕೆಂದು ಹಿಂಬದಿ ಮುಚ್ಚಿರುವ ಕ್ಲೋಸ್ಡ್-ಬ್ಯಾಕ್ ಕೊಟ್ಟೆ. ಅದೂ ವಾಪಸ್ ಬಂತು.

"ಡಬ್ಬಿ ಮ್ಯಾಲ ಡಬ್ಬಿ ಬದಲ್ ಮಾಡಾಕತ್ತಿ. ಒಮ್ಮೆ ನೀ ಹಾಕ್ಕೊಂಡು ಕೇಳಬಾರದೇನು?"

ಕೇಳುವ ಧೈರ್ಯ ನನಗಿರಲಿಲ್ಲ. ಪ್ರತಿ ರೆಕಾರ್ಡಿಂಗಿನ ಶುರುವಿಗೆ ಮಲ್ಲು ಮೈಕಿನ ಹತ್ತಿರ ಮಾತಾಡುತ್ತಾನೆ. ಹೊರಗೆ ಗೂಡ್ಸ್ ರೈಲು ಹೋಯಿತು, ಶೋಕೇಸಿನ ಗಾಜು ಅದುರಿತು. ಅದು ನಿಲ್ಲುವವರೆಗೆ ವೈರ್ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಆಮೇಲೆ ಹಾಕಿಕೊಂಡೆ.

"ಹಾಂ, ಶುರು ಮಾಡ್ರಿ ಯವ್ವಾ," ಎಂದ ಮಲ್ಲು, ಬಲಗಡೆಯಿಂದ.

ನಮ್ಮ ಕಡೆಯ ಭಜನೆಯಲ್ಲಿ ಎರಡು ಸಾಲು ಎದುರುಬದುರು ಕೂರುತ್ತಾರೆ. ಒಂದು ಸಾಲು ಹೇಳಿದ್ದನ್ನು ಇನ್ನೊಂದು ಸಾಲು ತಿರುಗಿ ಹೇಳುತ್ತದೆ. ಮಲ್ಲು ಸಾಲಿಗೊಂದು ಮೈಕ್ ಇಡುತ್ತಿದ್ದ; ಹೆಡ್‌ಫೋನಿನಲ್ಲಿ ಕಿವಿಗೊಂದು ಸಾಲು ಕೇಳುತ್ತಿತ್ತು. ಎಡ ಸಾಲಿನ ಕೊನೆಯಲ್ಲಿ ಒಂದು ತೆಳು ದನಿ ಪ್ರತಿ ನುಡಿಯನ್ನೂ ಉಳಿದವರಿಗಿಂತ ತುಸು ತಡವಾಗಿ ಮುಗಿಸುತ್ತಿತ್ತು.

"ಕಾಕಾ, ನಾಗಮ್ಮ ಕಾಕು ಎಲ್ಲಾರಿಗಿಂತ ತಡಾ ಮುಗಸ್ತಿದ್ರೇನ್ರಿ?"

"ಆಕಿ ಎಲ್ಲಾದಕ್ಕೂ ತಡಾನೇ. ಹೋಗೂದಕ್ಕ ಮಾತ್ರ ಭಾಳ ಅವಸರ ಮಾಡಿದ್ಳು."

"ನಿಮ್ಮ ಎಡಗಿವಿ ಹೆಂಗದ್ರಿ?"

"ಅದನ್ನ ಫ್ಯಾಕ್ಟರಿಗೆ ಕೊಟ್ಟು ಬಂದೀನಪಾ. ಒದರಿದ್ರೂ ಕೇಳಂಗಿಲ್ಲ."

ಫೋನಿನ ಸ್ಪೀಕರಿನಲ್ಲಿ ಎರಡು ಸಾಲೂ ಬೆರೆತು ಬರುತ್ತವೆ. ಹೆಡ್‌ಫೋನ್ ಎಡ ಸಾಲನ್ನು ಎಡಗಿವಿಗಷ್ಟೇ ಕೊಡುತ್ತಿತ್ತು. ನಾನು ಒಳ್ಳೆಯ ಇಮೇಜಿಂಗ್ ಹುಡುಕಿದಷ್ಟೂ ನಾಗಮ್ಮ ಆ ಕೇಳದ ಕಿವಿಯಲ್ಲೇ ಉಳಿಯುತ್ತಿದ್ದರು. ಎರಡು ಸಾಲೂ ಬೆರೆತು ಎರಡು ಕಿವಿಗೂ ಒಂದೇ ಸದ್ದು ಬರಲೆಂದು ಫೋನನ್ನು ಮೋನೊಗೆ ಬದಲಿಸಿ, ಹೆಡ್‌ಫೋನನ್ನು ಕಾಕಾಗೆ ಹಾಕಿದೆ.

"ಬಂದ್ಳು. ಆದ್ರ ಎಲ್ಲಾರೂ ಆಕಿ ಮ್ಯಾಲೇ ಕುಂತಾರಲ್ಲೊ."

ಮೋನೊ ತೆಗೆದೆ. ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಅವರ ಬಲಗಿವಿಗೆ ಇಟ್ಟೆ.

ಮೊಣಕಾಲಿನ ಮೇಲಿದ್ದ ಅವರ ಬೆರಳು ನುಡಿ ಮುಗಿದಾಗಲೆಲ್ಲ ತುಸು ತಡವಾಗಿ ಬೀಳುತ್ತಿತ್ತು. ಹಾಡು ಮುಗಿದ ಮೇಲೆ ಹೇಳಿದೆ, "ಹಿಂಗ ಹಾಕ್ಕೊಂಡ್ರ ಆ ಕಡೆ ಸಾಲು ಕೇಳಂಗಿಲ್ರಿ ಕಾಕಾ."

"ಅವರೆಲ್ಲ ಜೀವಂತ ಅದಾರ. ಬೇಕಾದ್ರ ಮನೀಗೇ ಹೋಗಿ ಕೇಳ್ತೀನಿ."

ಯಾವ ಹೆಡ್‌ಫೋನ್ ಒಳ್ಳೆಯದೆಂದು ಯಾರಾದರೂ ಕೇಳಿದರೆ ಈಗ ಡಬ್ಬಿ ಇಳಿಸುವುದಿಲ್ಲ. ಏನನ್ನು ಕೇಳಬೇಕು, ಕಿವಿ ಹೇಗಿದೆ ಎಂದು ಮೊದಲು ವಿಚಾರಿಸುತ್ತೇನೆ. ಆ ರೆಕಾರ್ಡಿಂಗ್ ನನ್ನ ಬಳಿಯೂ ಇದೆ. ಕಾಕಾ ಬಿಟ್ಟುಕೊಟ್ಟ ಬಲಗಡೆಯೇ ನನಗೆ ಬೇಕಾದದ್ದು. ಅದನ್ನು ಕೇಳುವಾಗ ಮಾತ್ರ ಮಲ್ಲುವಿನ ಕುರ್ಚಿಯಲ್ಲಿ ಕೂರುತ್ತೇನೆ. ಅವನು ಶುರು ಮಾಡ್ರಿ ಅನ್ನುತ್ತಾನೆ. ಹಾಡು ಶುರುವಾಗುವಷ್ಟರಲ್ಲಿ ಎದ್ದು ನಿಂತಿರುತ್ತೇನೆ.